ಮನೇಲಿ ಹೇಗಿತ್ತೋ ಹಾಗೇ

ಭಾರ ಇಲ್ದೆ ಇರೋಕೆ ಅದೇನು ಹಪ್ಪಳಾನೇನ್ರೀ? ಬಾಗಿಲು ಅದು. ಹಲಸಿನ ಮರದ್ದು, ಒಂದೇ ಹಲಗೆ, ಆಳುದ್ದ, ಆಮೇಲೆ ಒಂದು ಗೇಣು. ಮೇಲಿಂದ ಕಬ್ಬಿಣದ ಚಿಲಕ ಬೇರೆ. ನೀವೂ ಎಲ್ಲರ ಹಾಗೇ ಮೊದಲು ಅದನ್ನೇ ಕೇಳಿದ್ರಿ ನೋಡಿ, ಭಾರ ಇತ್ತಾ ಅಂತ. ಆ ಊರವರೂ ಅಷ್ಟೇ. ಬಾಗಿಲು ಬೆನ್ನ ಮೇಲೆ ಹೊತ್ಕೊಂಡು ಏಳು ದಿನ ಬೀದಿ ಬೀದಿ ಅಲೆದ ಮನುಷ್ಯನನ್ನ ಎಲ್ಲರೂ ಕೇಳಿದ್ದು ಅದೊಂದೇ ಮಾತು. ಕೇಳಿದವರು ಯಾರೂ ಒಂದು ತುದಿ ಹಿಡೀಲಿಲ್ಲ, ಅದು ಬೇರೆ ವಿಷಯ.

ಆ ಊರಿನ ನಿಯಮ ಹಾಗಿತ್ತು. ಜೋಡಿಯಾಗಿ ಬಂದವರಿಗೆ ಮನೆ ಕೊಡ್ತಾರೆ, ಬಾಗಿಲೂ ಕೊಡ್ತಾರೆ. ಒಂಟಿಯಾಗಿ ಬಂದವರಿಗೆ ಗೋಡೆ ಕೊಡ್ತಾರೆ, ಸೂರು ಕೊಡ್ತಾರೆ, ಬಾಗಿಲು ಮಾತ್ರ ಕೊಡಲ್ಲ. ಒಂಟಿಗ ತನ್ನ ಬಾಗಿಲು ತಾನೇ ತರಬೇಕು. ಒಂದೊಂದು ಬೀದಿಗೆ ಒಂದೊಂದು ಅಳತೆಯ ಚೌಕಟ್ಟು. ಬಾಗಿಲು ಎಲ್ಲಿ ಕೂರುತ್ತೋ ಅದೇ ಅವನ ಬೀದಿ. ಏಳು ದಿನದೊಳಗೆ ಎಲ್ಲೂ ಕೂರಲಿಲ್ಲ ಅಂದ್ರೆ ಕೆಲಸವೂ ಇಲ್ಲ, ಊರೂ ಇಲ್ಲ.

ಊರ ಹೆಬ್ಬಾಗಿಲಲ್ಲಿ ಬಡಗಿ ಕೂತಿರ್ತಿದ್ದ. ಅವನ ಹತ್ರ ಒಂದು ದಾರ, ಒಂದು ಗರಗಸ, ಒಂದು ಕೀಸುಳಿ. ಬಂದ ಒಂಟಿಗರನ್ನ ಬೀದಿ ಬೀದಿಗೆ ಕರ್ಕೊಂಡು ಹೋಗಿ ಅಳೆಯೋದು, ಹೆಚ್ಚಾದದ್ದನ್ನ ಕೀಸೋದು, ಇದೇ ಅವನ ಕೆಲಸ.

"ಯಾಕೆ ಹೀಗೆ?" ಅಂತ ಬಾಗಿಲು ಹೊತ್ತವನು ಕೇಳಿದ.

"ಜೋಡಿ ಇದ್ರೆ ಒಬ್ಬರು ಆಚೆ ಹೋದಾಗ ಇನ್ನೊಬ್ಬರು ಬಾಗಿಲ ಥರ ನಿಂತಿರ್ತಾರೆ. ನಿಮಗ್ಯಾರು ನಿಲ್ತಾರೆ?"

"ನಾನೇ ನಿಂತ್ರೆ?"

"ಆಗ ಕೆಲಸಕ್ಕೆ ಯಾರು ಹೋಗ್ತಾರೆ?"

ಮಾತು ಸರಿ ಅನ್ನಿಸ್ತು. ಅವನಿಗೆ ಕೆಲಸಕ್ಕೆ ಹೋಗಲೇಬೇಕಿತ್ತು. ಊರ ನಡುವಿನ ದೊಡ್ಡ ಗಡಿಯಾರಕ್ಕೆ ದಿನಾ ಬೆಳಗ್ಗೆ ಕೀ ಕೊಡೋ ಕೆಲಸ. ಅದಕ್ಕೆ ಐದು ವರ್ಷ ಓದಿದ್ದ. ಕೀ ಎಡಕ್ಕೆ ತಿರುಗಿಸೋದು ಎರಡು ವರ್ಷ, ಬಲಕ್ಕೆ ತಿರುಗಿಸೋದು ಎರಡು ವರ್ಷ, ಉಳಿದೊಂದು ವರ್ಷ ಪರೀಕ್ಷೆ.

ಆದ್ರೆ ನಿಜ ಹೇಳಬೇಕು ಅಂದ್ರೆ ಅವನಿಗೆ ಬೇಕಿದ್ದದ್ದು ಗಡಿಯಾರ ಅಲ್ಲ, ಚಿಲಕ. ಅವನು ಬೆಳೆದದ್ದು ಹನ್ನೊಂದು ಜನರ ಮನೇಲಿ. ಅಲ್ಲಿ ಒಬ್ಬ ಸೀನಿದ್ರೆ ಹತ್ತು ಜನ ಮುಖ ಒರೆಸ್ಕೋಬೇಕು. ಒಬ್ಬನೇ ಕೂತು ಒಂದು ಚಕ್ಕುಲಿ ಮುರಿದು ತಿಂದ ದಿನ ಅವನ ಬದುಕಲ್ಲಿ ಇರಲಿಲ್ಲ. ಒಂದು ಕೋಣೆ, ಒಳಗೆ ತಾನೊಬ್ಬನೇ, ಚಿಲಕ ಬಿದ್ದ ಸದ್ದು. ಇಷ್ಟೇ ಅವನ ಆಸೆ. ಇಷ್ಟಕ್ಕೋಸ್ಕರ ಐದು ವರ್ಷ ಕೀ ತಿರುಗಿಸಿದ್ದ.

ಆ ಮನೇಲಿ ಚಿಲಕ ಇದ್ದ ಬಾಗಿಲು ಒಂದೇ, ಅಕ್ಕನ ಕೋಣೇದು. ಹೊರಡೋ ದಿನ ಅಕ್ಕ ತಾನೇ ಅದನ್ನ ಕೀಲಿಂದ ಎತ್ತಿ ಇಳಿಸಿ ಇವನ ಬೆನ್ನಿಗೆ ಕಟ್ಟಿದ್ಲು.

"ನಿನಗೆ?" ಅಂದ.

"ಹಳೇ ಸೀರೆ ಇದೆಯಲ್ಲ, ಅಡ್ಡ ಕಟ್ಕೋತೀನಿ. ಹೋಗು, ಚೆನ್ನಾಗಿ ನಿಲ್ಲಿಸು. ನಿಲ್ಲಿಸಿದ ಮೇಲೆ ಒಳಗೆ ಕೂತ್ರೆ ಹೇಗಿರುತ್ತೆ ಅಂತ ಬಂದು ನಂಗೆ ಹೇಳು."

ಹಾಗಂದು ನಕ್ಕಳು. ಅಕ್ಕ ನಕ್ಕರೆ ಮೂರು ಮನೆ ಆಚೆಗೆ ಕೇಳ್ತಿತ್ತು. ಮನೆಯವರಿಗೆ ಅದೊಂದು ದೊಡ್ಡ ತಲೆನೋವು. ಅದರಲ್ಲೂ ನೆಂಟರ ಮುಂದೆ.

ಬಾಗಿಲಿನ ಒಂದು ಮುಖದಲ್ಲಿ ಚಿಲಕ. ಇನ್ನೊಂದು ಮುಖದ ತುಂಬ ಅಕ್ಕ ಅಂಟಿಸಿದ ಹಣೆಬೊಟ್ಟುಗಳು, ಕೆಂಪು, ಮೆರೂನು, ಹಸಿರು, ಸಾಲು ಸಾಲು. ಹುಡುಗಿಯರಿಗೆ ಇಂಥ ಹುಚ್ಚು ಇರುತ್ತೆ ಅಂದ್ಕೊಂಡಿದ್ದ. ಇವನಿಗೂ ಒಂದು ಹುಚ್ಚಿತ್ತು. ಬಾಗಿಲನ್ನ ಎಲ್ಲಿ ಇಳಿಸಿದ್ರೂ ಬೆರಳಿನ ಗೆಣ್ಣಿಂದ ಅದನ್ನ ಎರಡು ಸಲ ತಟ್ತಿದ್ದ. ಟಕ್, ಟಕ್. ಯಾಕೆ ಅಂತ ಕೇಳಿದ್ರೆ ಅವನಿಗೂ ಗೊತ್ತಿರಲಿಲ್ಲ. ಕೈ ಅಭ್ಯಾಸ.

ಮೊದಲ ದಿನ ಹೋದದ್ದು ಮೆಲುಮಾತಿನ ಬೀದಿಗೆ. ಗಡಿಯಾರದ ಕೆಳಗೇ ಇರೋ ಬೀದಿ. ಬಾಗಿಲು ಇಳಿಸಿದ. ಟಕ್, ಟಕ್. ಆಗಲೇ ಮೂರು ಕಿಟಕಿ ತೆರೆದು ಮುಚ್ಚಿದವು. ಬಾಯಿಗೆ ಶಾಲು ಸುತ್ತಿದ್ದ ಬೀದಿಯ ಯಜಮಾನ ತುದಿಗಾಲಲ್ಲಿ ಬಂದ.

"ನೀರು ಬರುತ್ತಾ?" ಅಂತ ಬಾಗಿಲು ಹೊತ್ತವನು ಕೇಳಿದ.

"ಬರುತ್ತೆ. ಸದ್ದು ಮಾಡದೆ ಬರುತ್ತೆ."

"ಬಿಸಿಲು ಬೀಳುತ್ತಾ?"

"ನಿಧಾನಕ್ಕೆ ಬೀಳುತ್ತೆ."

"ಗಡಿಯಾರಕ್ಕೆ ಎಷ್ಟು ಹೆಜ್ಜೆ?"

"ನಲವತ್ತು. ಬರಿಗಾಲಲ್ಲಿ."

"ಇಷ್ಟು ಹತ್ರ ಇದ್ರೆ ಗಂಟೆ ಹೊಡೆದಾಗ ನಿಮಗೆ ತೊಂದರೆ ಆಗಲ್ವಾ?"

"ಮೊದಲು ಹೊಡೀತಿತ್ತು. ಆಮೇಲೆ ನಾವು ಅದರ ಜೊತೆ ಮಾತಾಡಿದ್ವಿ."

ಬಡಗಿ ದಾರ ಹಿಡಿದು ಅಳೆದ. ಬಾಗಿಲು ನಾಲ್ಕು ಬೆರಳು ಎತ್ತರ ಜಾಸ್ತಿ. ನಾಲ್ಕು ಬೆರಳು ಕೊಯ್ದು, ಮರದ ಗೂಟದ ಮೇಲೆ ಪರೀಕ್ಷೆಗೆ ನಿಲ್ಲಿಸಿದ. ಕೂತಿತು. ಬಾಗಿಲು ಹೊತ್ತವನ ಎದೆ ಕುಣಿದಾಡ್ತು. ಮೆಲ್ಲಗೆ ತಳ್ಳಿದ. ಕಿರ್ರ್ ಅಂತು.

"ಎಣ್ಣೆ ಹಾಕ್ತೀನಿ," ಅಂದ ಗಾಬರಿಯಾಗಿ.

"ನೋಡೀಪ್ಪಾ, ಇದು ಎಣ್ಣೆ ವಿಷಯ ಅಲ್ಲ," ಅಂದ ಯಜಮಾನ ಬಹಳ ಮರ್ಯಾದೆಯಿಂದ. "ನೀವು ಒಂಟಿ. ಒಂಟಿಗರಿಗೆ ಸ್ನೇಹಿತರಿರ್ತಾರೆ. ಸ್ನೇಹಿತರು ಬಂದ್ರೆ ನಗ್ತಾರೆ."

"ಈ ಊರಲ್ಲಿ ನಂಗೆ ಒಬ್ಬ ಸ್ನೇಹಿತನೂ ಇಲ್ಲ."

"ಹಾಗಿದ್ರೆ ಇನ್ನೂ ಕಷ್ಟ. ಅಳ್ತೀರಿ."

ಬಾಗಿಲು ಮತ್ತೆ ಬೆನ್ನೇರಿತು. ಕೊಯ್ದ ನಾಲ್ಕು ಬೆರಳು ಅಲ್ಲೇ ಬಿದ್ದಿತ್ತು. "ಅದನ್ನ ವಾಪಸ್ ಸೇರಿಸೋಕಾಗಲ್ವಾ?" ಅಂದ. "ಕೀಸಿದ್ದು ಕೀಸಿದ್ದೇ," ಅಂದ ಬಡಗಿ. ಅವನು ಈ ಮಾತನ್ನ ದಿನಕ್ಕೆ ಹತ್ತು ಸಲ ಹೇಳ್ತಿದ್ದ, ಹೇಳಿದಾಗೆಲ್ಲ ಕೀಸುಳಿಯ ಬಾಯಿ ಊದಿ ಪುಡಿ ಹಾರಿಸ್ತಿದ್ದ.

ಎರಡನೇ ದಿನ ಬಾಗಿಲು ಹಿಂದಿನ ದಿನಕ್ಕಿಂತ ಹಗುರಾಗಿತ್ತು. ಅದೊಂದು ಲಾಭ ಅಂತ ಇವನು ಅಂದ್ಕೊಂಡ. ಆವತ್ತು ಹೋದದ್ದು ಮೂಗಿನಜ್ಜಿಯ ಬೀದಿಗೆ. ಚೊಕ್ಕಟವಾದ ಬೀದಿ, ಮನೆ ಮುಂದೆಲ್ಲ ಸಾರಿಸಿ ರಂಗೋಲಿ ಇಟ್ಟಿದ್ರು, ಇಡೀ ಬೀದಿಗೆ ಒಂದೇ ಒಗ್ಗರಣೆಯ ಘಮ. ಬಾಗಿಲು ಇಳಿಸಿದ. ಟಕ್, ಟಕ್. ಅಜ್ಜಿ ಬಂದ್ಲು. ನೀರು, ಬಿಸಿಲು, ಹೆಜ್ಜೆ ಅಂತ ಇವನು ಶುರು ಮಾಡೋಕೆ ಮುಂಚೆ ಅವಳು ಬಾಗಿಲಿನ ಬುಡಕ್ಕೆ ಮೂಗಿಟ್ಟಳು. ಬುಡದಿಂದ ಮೇಲಕ್ಕೆ ಮೂಸ್ತಾ ಬಂದ್ಲು. ಬೀದಿಯೆಲ್ಲ ಉಸಿರು ಹಿಡಿದು ನಿಂತಿತ್ತು.

"ಬೆಳ್ಳುಳ್ಳಿ," ಅಂದ್ಲು. "ಹೊಗೆ. ಕೊಬ್ಬರಿ ಎಣ್ಣೆ. ಯಾರೋ ಹುಡುಗಿ ಈ ಬೊಟ್ಟಿನ ಕಡೆ ಬಹಳ ಹೊತ್ತು ತಲೆ ಒರಗಿಸಿ ಕೂತಿದ್ದಾಳೆ." ಮತ್ತೊಮ್ಮೆ ಮೂಸಿದ್ಲು. "ಒಣಸೀಗಡಿ."

ಬೀದಿ ಒಂದು ಹೆಜ್ಜೆ ಹಿಂದೆ ಸರೀತು.

"ಯಾವಾಗ?" ಅಂತ ಹಿಂದಿನಿಂದ ಯಾರೋ ಕೇಳಿದ್ರು.

"ಹೋದ ಮಳೆಗಾಲ. ಬುಧವಾರ."

ಬಾಗಿಲು ಹೊತ್ತವನಿಗೆ ಆ ಬುಧವಾರ ನೆನಪಾಯ್ತು. ಅಕ್ಕನ ಸೀಗಡಿ ಚಟ್ನಿ, ಬಿಸಿ ಗಂಜಿ. ಬಾಯಲ್ಲಿ ನೀರೂರಿತು, ಗುಟುಕ್ ಅಂತ ನುಂಗಿದ. ನುಂಗಿದ್ದನ್ನೂ ಬೀದಿ ನೋಡಿತು.

"ನಾವು ಯಾರನ್ನೂ ಬೇರೆ ಥರ ನೋಡೋರಲ್ಲಪ್ಪ," ಅಂದ್ಲು ಅಜ್ಜಿ. "ಮೂಸ್ತೀವಿ, ಅಷ್ಟೇ."

ಒಂದು ಅವಕಾಶ ಕೊಡೋಣ ಅಂತ ಬೀದಿ ತೀರ್ಮಾನ ಮಾಡ್ತು. ಬಡಗಿ ಎರಡೂ ಮುಖವನ್ನ ಸೀಗಡಿ ವಾಸನೆ ಹಿಡಿದ ಕಡೆ ಉಗುರಿನಷ್ಟು ಕೀಸಿದ. ಮೇಲಿನ ನಾಲ್ಕು ಸಾಲು ಬೊಟ್ಟು ಸುರುಳಿ ಸುತ್ಕೊಂಡು ಕೆಳಗೆ ಬಿದ್ದವು. ಅಜ್ಜಿ ಮತ್ತೆ ಮೂಸಿದ್ಲು, ಬಾಗಿಲು ಬಿಟ್ಟು ಇವನ ಕುತ್ತಿಗೆ ಹತ್ರ ಬಂದು ನಿಂತಳು.

"ಮರದಲ್ಲಿ ಹೋಯ್ತು," ಅಂದ್ಲು. "ಇವನಲ್ಲಿದೆ. ಇವನನ್ನ ಕೀಸೋಕಾಗುತ್ತಾ?"

ಬಡಗಿ ಇವನ ಕಡೆ ನೋಡಿದ. ಸ್ವಲ್ಪ ಹೊತ್ತು ಲೆಕ್ಕ ಹಾಕಿದ ಹಾಗೆ ನೋಡಿದ. ಬಾಗಿಲು ಹೊತ್ತವನು ಬಾಗಿಲು ಹೊತ್ತು ಓಡಿದ.

ಆಮೇಲೆ ಸಿಕ್ಕಿದ್ದು ಸದ್ಯದ ಬೀದಿ. ಅಲ್ಲಿ ಎಲ್ಲರೂ ಒಂಟಿಗರು, ಎಲ್ಲರೂ ಚಿಕ್ಕವರು, ಎಲ್ಲರೂ ಸದ್ಯಕ್ಕೆ ಇದ್ದವರು. ಯಾರೂ ಬಾಗಿಲು ನಿಲ್ಲಿಸಿರಲಿಲ್ಲ. ಒಬ್ಬನ ಬಾಗಿಲ ಮೇಲೆ ಕೇರಂ ಆಡ್ತಿದ್ರು, ಇನ್ನೊಬ್ಬನ ಬಾಗಿಲ ಮೇಲೆ ಬಟ್ಟೆ ಇಸ್ತ್ರಿ, ಮತ್ತೊಬ್ಬನದು ಚರಂಡಿ ದಾಟೋಕೆ ಸೇತುವೆ. ಇವನು ಬಾಗಿಲು ಇಳಿಸಿ ಎರಡು ಸಲ ತಟ್ಟಿದ ಕೂಡಲೇ ಯಾರೋ ಅದರ ಮೇಲೆ ಬಿಸಿ ಸಾಂಬಾರಿನ ಪಾತ್ರೆ ತಂದಿಟ್ರು. ಗುಂಡಗೆ ಸುಟ್ಟ ಗುರುತು ಬಿತ್ತು.

"ಲೇ ಗುರು, ಸೂಪರ್ ಟೇಬಲ್ ತಂದಿದೀಯ, ಕೂತ್ಕೋ, ಊಟ ಮಾಡು!"

"ಇದು ಬಾಗಿಲು. ಎಲ್ಲಿ ನಿಲ್ಲಿಸಲಿ?"

"ನಿಲ್ಲಿಸ್ತೀಯಾ? ಹಾಗಾದ್ರೆ ಊಟ ಎಲ್ಲಿ ಮಾಡೋಣ?"

"ನಿಮ್ಮ ಚೌಕಟ್ಟು ಎಲ್ಲಿ?"

"ಹೋದ ಚಳಿಗಾಲದಲ್ಲಿ ತುಂಬ ಚಳಿ ಇತ್ತು," ಅಂದ್ರು. ಸುಟ್ಟಿದ್ರು ಅಂತ ಅರ್ಥ.

ಅವರಲ್ಲೊಬ್ಬನಿಗೆ ಎದೆಯವರೆಗೆ ನರೆತ ಗಡ್ಡ. "ನಾನೂ ಸದ್ಯಕ್ಕೆ ಇಲ್ಲಿದೀನಿ ಮಗಾ," ಅಂದ ಅವನು ಅನ್ನ ಕಲಸ್ತಾ. "ಹತ್ತೊಂಬತ್ತು ವರ್ಷ ಆಯ್ತು."

ಅಲ್ಲಿ ನಾಲ್ಕು ದಿನ ಇದ್ದ. ನಗು, ಹಾಡು, ಪಕ್ಕದವನ ಬನಿಯನ್ನು, ಇನ್ಯಾರದೋ ಬಾಚಣಿಗೆ. ಚೆನ್ನಾಗೇ ಇತ್ತು, ಹನ್ನೊಂದು ಜನರ ಮನೆ ಇದ್ದ ಹಾಗೆ. ಇವನ ಚಕ್ಕುಲಿ ಡಬ್ಬಿ ಮೊದಲನೇ ದಿನಾನೇ ಖಾಲಿ. ಏಳನೇ ದಿನದ ಬೆಳಗ್ಗೆ ಎದ್ದು ನೋಡ್ತಾನೆ, ಇಬ್ಬರು ಗೆಳೆಯರು ಬಾಗಿಲಿನ ಒಂದು ಬದಿ ಕೊಯ್ದು ಕ್ರಿಕೆಟ್ ಬ್ಯಾಟು ಮಾಡ್ತಿದ್ದಾರೆ. "ಬೇಜಾರಾಗಬೇಡ ಗುರು, ಮೊದಲ ಬ್ಯಾಟಿಂಗು ನಿಂದೇ," ಅಂದ್ರು. ಬಾಗಿಲು ಹೊತ್ತವನು ಉಳಿದದ್ದನ್ನ ಹೊತ್ಕೊಂಡು ಬಂದ. ಓರೆಯಾದ ಬದಿಯನ್ನ ಬಡಗಿ ನೇರ ಮಾಡಿದ. ನೇರ ಮಾಡೋದು ಅಂದ್ರೆ ಅಗಲದಲ್ಲಿ ಇನ್ನೊಂದು ಗೇಣು, ಎತ್ತರದಲ್ಲೂ ಒಂದು ಗೇಣು ಹೋಯ್ತು.

ಉಳಿದದ್ದು ಒಂದೇ ದಿನ, ಒಂದೇ ಬೀದಿ. ಒಳ್ಳೆಯವರ ಬೀದಿ ಅಂತ ಅದರ ಹೆಸರು. ಗಡಿಯಾರಕ್ಕೆ ಸಾವಿರದ ಇನ್ನೂರು ಹೆಜ್ಜೆ.

ಟಕ್, ಟಕ್. ಬೀದಿಯ ದೊಡ್ಡಮ್ಮ ಮಜ್ಜಿಗೆ ಲೋಟದ ಜೊತೆ ಬಂದ್ಲು. ಮೂಸಲಿಲ್ಲ, ಪಿಸುಗುಟ್ಟಲಿಲ್ಲ. "ಎಷ್ಟು ಬಾಡಿ ಹೋಗಿದೀಯಪ್ಪ," ಅಂದ್ಲು. "ನಮ್ಮ ಮಗನ ಥರ ಇರು." ಇವನು ಲೋಟ ಒಂದೇ ಗುಟುಕಿಗೆ ಖಾಲಿ ಮಾಡಿದ. ನೀರು, ಬಿಸಿಲು, ಹೆಜ್ಜೆ ಎಲ್ಲ ಕೇಳಿದ. ಎಲ್ಲದಕ್ಕೂ "ನಾವಿದೀವಲ್ಲ" ಅಂದ್ಲು.

ಚೌಕಟ್ಟು ಗಿಡ್ಡ, ಕಿರಿದು. ಬಾಗಿಲೂ ಈಗ ಗಿಡ್ಡ, ಕಿರಿದು. ಒಂದು ಕೂದಲು ಕೀಸೋದು ಬೇಕಾಗಲಿಲ್ಲ. ತಲೆ ಬಗ್ಗಿಸಿ ಒಳಗೆ ಹೋಗಬೇಕು, ಅಷ್ಟೇ. "ಬಗ್ಗೋದು ಸೊಂಟಕ್ಕೆ ಒಳ್ಳೇದು," ಅಂದ್ಲು ದೊಡ್ಡಮ್ಮ.

ಬಡಗಿ ಗೂಟ ಬಿಟ್ಟು ಕಬ್ಬಿಣದ ಮೊಳೆ ತೆಗೆದ. ಕಬ್ಬಿಣದ ಮೊಳೆ ಹೊಡೆದ ಮೇಲೆ ಆ ಊರಲ್ಲಿ ಬಾಗಿಲು ಕೀಳೋ ಹಾಗಿಲ್ಲ. ಅದಕ್ಕೇ ಹೊಡೆಯೋಕೆ ಮುಂಚೆ ಮೂರು ಸಲ ಕೇಳಬೇಕು ಅಂತ ನಿಯಮ.

"ಹೇಗೆ ನಿಲ್ಲಿಸಲಿ?" ಅಂದ ಬಡಗಿ.

ಬಾಗಿಲು ಹೊತ್ತವನಿಗೆ ಏಳು ದಿನದ ಸುಸ್ತು. ಜೊತೆಗೆ ಮಜ್ಜಿಗೆ ಕುಡಿದ ನೆಮ್ಮದಿ. "ಮನೇಲಿ ಹೇಗಿತ್ತೋ ಹಾಗೇ," ಅಂದ.

"ಹೇಗೆ ನಿಲ್ಲಿಸಲಿ?"

"ಮನೇಲಿ ಹೇಗಿತ್ತೋ ಹಾಗೇ."

"ಹೇಗೆ ನಿಲ್ಲಿಸಲಿ?"

"ಹೇಳಿದ್ನಲ್ಲ ಮಾರಾಯ, ಮನೇಲಿ ಹೇಗಿತ್ತೋ ಹಾಗೇ!"

ಬಡಗಿ ಕೀಲಿನ ಹಳೇ ಗುರುತಿನ ಮೇಲೆ ಬೆರಳಾಡಿಸಿದ. ಉಳಿದಿದ್ದ ಬೊಟ್ಟುಗಳನ್ನ ನೋಡಿದ. ಇವನ ಮುಖ ನೋಡಿದ. ಆಮೇಲೆ ಮೊಳೆ ಹೊಡೆದ.

ಬಾಗಿಲು ಹೊತ್ತವನು, ಇನ್ನು ಮೇಲೆ ಬರೀ ಬೆನ್ನಿನವನು, ತಲೆ ಬಗ್ಗಿಸಿ ಒಳಗೆ ಹೋದ. ಬಾಗಿಲು ಮುಂದೆ ಮಾಡಿದ. ಕಣ್ಣು ಮುಚ್ಚಿಕೊಂಡು, ಹುಟ್ಟಿದಾಗಿಂದ ಕಾದಿದ್ದ ಆ ಸದ್ದಿಗೆ ಅಂತ ಕೈ ಚಾಚಿದ. ಕೈಗೆ ಬೊಟ್ಟು ಸಿಕ್ಕಿದವು. ಚಿಲಕ ಸಿಗಲಿಲ್ಲ. ಚಿಲಕ ಆಚೆ ಇತ್ತು.

ಹೊರಗೆ ಓಡಿ ಬಂದ. "ಉಲ್ಟಾ ನಿಲ್ಲಿಸಿದೀರ!"

"ಹಳೇ ಗುರುತು ನೋಡೇ ನಿಲ್ಲಿಸಿದೀನಿ," ಅಂದ ಬಡಗಿ, ಸಾಮಾನು ಕಟ್ಟಿಕೊಳ್ತಾ. "ಮೂರು ಸಲ ಕೇಳಿದೀನಿ."

ಇವನು ನೆನಪು ಮಾಡ್ಕೊಳ್ಳೋಕೆ ನೋಡಿದ. ಅಕ್ಕನ ಕೋಣೆಯ ಬಾಗಿಲಿಗೆ ಚಿಲಕ ಇತ್ತು ಅನ್ನೋದು ನೆನಪಿತ್ತು. ಯಾವ ಕಡೆ ಇತ್ತು ಅನ್ನೋದು ನೆನಪಿರಲಿಲ್ಲ. ಬಡಗಿಯೇ ಎಡವಟ್ಟು ಮಾಡಿದ್ದಾನೆ ಅಂತ ತೀರ್ಮಾನ ಮಾಡಿದ.

"ಯಾವ ಕಡೆ ಇದ್ರೇನಪ್ಪ," ಅಂದ್ಲು ದೊಡ್ಡಮ್ಮ. "ನಾವಿದೀವಲ್ಲ."

ಅವರು ಇದ್ರು. ಮಾರನೇ ದಿನ ಬೆಳಗ್ಗೆ ಬೀದಿಯ ಹೆಣ್ಣುಮಕ್ಕಳು ನೀರಿಗೆ ಹೋಗೋ ಹೊತ್ತಲ್ಲಿ ಆಚೆಯಿಂದ ಚಿಲಕ ಬಿತ್ತು. "ಐದೇ ನಿಮಿಷ ಕಣಪ್ಪ," ಅಂತ ಧ್ವನಿ ಬಂತು. ಐದು ನಿಮಿಷ ಆದ ಮೇಲೆ ತೆಗೆದ್ರು. ಒಳ್ಳೆಯವರು. ಆಮೇಲೆ ಯಾರ ಮನೆಗೋ ನೆಂಟರು ಬಂದಾಗ. ಆಮೇಲೆ ಯಾರದೋ ಪೂಜೆ. ಒಂದು ದಿನ ಗಂಡಿನ ಕಡೆಯವರು ಹೆಣ್ಣು ನೋಡೋಕೆ ಬರೋರಿದ್ರು. "ಬೀದೀಲಿ ಒಂಟಿ ಗಂಡಸು ಇದಾನೆ ಅಂದ್ರೆ ಅವರು ಏನಂದ್ಕೋತಾರೆ, ನೀನೇ ಹೇಳು," ಅಂತ ಕಿಟಕಿಯ ಸರಳಿನ ಸಂದಿಯಿಂದ ಕೇಸರಿಬಾತ್ ಕೊಟ್ರು. ಕೇಸರಿಬಾತ್ ಚೆನ್ನಾಗಿತ್ತು. ತಪ್ಪು ಹೇಳಬಾರದು.

ಇವನು ಒಳಗೆ ಬೊಟ್ಟಿನ ಸಾಲುಗಳ ಎದುರಿಗೆ ಕೂತಿರ್ತಿದ್ದ. ಒಬ್ಬನೇ ಇದ್ದ, ಚಿಲಕವೂ ಬಿದ್ದಿತ್ತು. ಆಸೆಪಟ್ಟಿದ್ದೆಲ್ಲ ಬಂದಿತ್ತು, ಒಂದು ಹಲಗೆಯಷ್ಟು ವ್ಯತ್ಯಾಸ. ಒಂದು ಸಲ ಸುಮ್ಮನೆ ಬೊಟ್ಟಿನ ಮೇಲೆ ತಲೆ ಒರಗಿಸಿ ನೋಡಿದ. ಅಲ್ಲಿ ಮರ ಸ್ವಲ್ಪ ತಗ್ಗಾಗಿತ್ತು. ತಲೆ ಸರಿಯಾಗಿ ಕೂತಿತು.

ಕೊನೆಗೆ ಹೆಣ್ಣು ಒಪ್ಪಿಗೆಯಾಗಿ ಮದುವೆಯೂ ಬಂತು. ಬೀದಿಗೆ ಬೀದಿಯೇ ಮದುವೆಗೆ ಹೊರಟಿತು. ಹೊರಡೋ ಗಡಿಬಿಡಿಯಲ್ಲಿ ಯಾರೋ ಅಭ್ಯಾಸದ ಮೇಲೆ ಚಿಲಕ ಹಾಕಿದ್ರು. ಮೂರು ದಿನ. ಇವನು ಕೂಗಿದ, ಬಡಿದ. ಖಾಲಿ ಬೀದೀಲಿ ಒಂದು ನಾಯಿ ಇತ್ತು, ಅದು ಎರಡು ದಿನ ಬೊಗಳಿ ಉತ್ತರ ಕೊಡ್ತು. ಆಮೇಲೆ ಅದಕ್ಕೂ ಬೇಜಾರಾಯ್ತು.

ನಾಲ್ಕನೇ ದಿನ ದೊಡ್ಡಮ್ಮ ಚಿಲಕ ತೆಗೆದ್ಲು, ಕೈಯಲ್ಲಿ ಲಾಡು.

"ಅಯ್ಯೋ, ನೀನು ಒಳಗೇ ಇದ್ಯಾ? ಹೇಳೋದಲ್ವಾ!"

ಇವನು ಲಾಡು ತಗೊಳ್ಳದೆ ಸಾವಿರದ ಇನ್ನೂರು ಹೆಜ್ಜೆ ಓಡಿದ. ಗಡಿಯಾರ ಏಳೂ ಹತ್ತಕ್ಕೆ ನಿಂತಿತ್ತು. ಅದರ ಕೆಳಗೆ ಜನ ಆರಾಮಾಗಿ ಓಡಾಡ್ತಿದ್ರು. ಒಬ್ಬರೂ ತಲೆ ಎತ್ತಲಿಲ್ಲ. ಗಡಿಯಾರದ ಅಧಿಕಾರಿಯ ಮುಂದೆ ಹೋಗಿ ಕೈ ಮುಗಿದು ನಿಂತ. "ತಪ್ಪಾಯ್ತು ಸ್ವಾಮಿ. ಮೂರು ದಿನದಿಂದ ಗಡಿಯಾರ ನಿಂತಿದೆ."

"ಹೌದಾ?" ಅಂದ ಅಧಿಕಾರಿ. ಕಿಟಕಿಯಿಂದ ಇಣುಕಿ ನೋಡಿದ. ಬಹಳ ಹೊತ್ತು ನೋಡಿದ. "ಯಾರೂ ಏನೂ ಕೇಳಲಿಲ್ಲವಲ್ಲ! ಹಾಗಾದ್ರೆ ಇಷ್ಟು ವರ್ಷ ಸುಮ್ಮನೆ ಕೀ ಕೊಡ್ತಾ ಇದ್ವಾ?" ಎದ್ದು ಬಂದು ಇವನ ಬೆನ್ನು ತಟ್ಟಿದ. "ಒಳ್ಳೇದಾಯ್ತು ನೀವು ಹೇಳಿದ್ದು. ಆ ಕೆಲಸ ಇವತ್ತಿಗೆ ತೆಗೆದುಬಿಡೋಣ."

ಆವತ್ತೇ ಊರು ಬಿಟ್ಟ. ಬಾಗಿಲು ತರೋ ಹಾಗಿರಲಿಲ್ಲ, ಕಬ್ಬಿಣದ ಮೊಳೆ. ಬೆನ್ನು ಎಷ್ಟು ಹಗುರಾಗಿತ್ತು ಅಂದ್ರೆ ದಾರೀಲಿ ಎರಡು ಸಲ ಮುಗ್ಗರಿಸಿದ. ಊರ ಹೆಬ್ಬಾಗಿಲಲ್ಲಿ ಬಡಗಿ ಹೊಸದಾಗಿ ಬಂದ ಒಂಟಿಯ ಬಾಗಿಲನ್ನ ಅಳೀತಿದ್ದ. ಹುಡುಗಿ. ತೇಗದ ಬಾಗಿಲು. ಇವನು ನಿಂತು ಏನೋ ಹೇಳಬೇಕು ಅಂದ್ಕೊಂಡ. "ಭಾರ ಇದೆಯಾ?" ಅಂತ ಕೇಳಿದ, ಮುಂದೆ ಹೋದ.

ಮನೇಲಿ ಅಕ್ಕನ ಕೋಣೆಗೆ ಹಳೇ ನೀಲಿ ಸೀರೆ ಅಡ್ಡ ಕಟ್ಟಿತ್ತು. ಗಾಳಿ ಬಂದಾಗೆಲ್ಲ ಉಬ್ಬುತ್ತಿತ್ತು. ಕೈ ತಾನಾಗೇ ಎದ್ದಿತು, ಎರಡು ಸಲ ತಟ್ಟೋಕೆ. ಬಟ್ಟೆಯನ್ನ ತಟ್ಟೋದು ಹೇಗೆ? ಸೀರೆ ಸರಿಸಿ ಒಳಗೆ ಹೋದ. ಅಕ್ಕ ಅಕ್ಕಿ ಆರಿಸ್ತಾ ಕೂತಿದ್ಲು. ಪಕ್ಕದಲ್ಲಿ ಕೂತು ಎಲ್ಲ ಹೇಳಿದ. ಮೆಲುಮಾತಿನವರದ್ದು, ಮೂಗಿನಜ್ಜಿಯದ್ದು, ಬ್ಯಾಟು, ಕೇಸರಿಬಾತು. ಅಕ್ಕ ಬಿದ್ದು ಬಿದ್ದು ನಕ್ಕಳು, ಮೂರು ಮನೆ ಆಚೆಗೆ ಕೇಳೋ ಹಾಗೆ. ಬಡಗಿಯ ವಿಷಯ ಬಂದಾಗ ನಗು ನಿಲ್ಲಿಸಿದ್ಲು.

"ಎಂಥ ದಡ್ಡ ನೋಡಕ್ಕ! ಮನೇಲಿ ಹೇಗಿತ್ತೋ ಹಾಗೇ ಅಂತ ಮೂರು ಸಲ ಹೇಳಿದೀನಿ. ಆಚೆಯಿಂದ ಚಿಲಕ! ಬದುಕಿರೋ ಮನುಷ್ಯನಿಗೆ! ತಮಗೆ ನೆಂಟರು ಬಂದ್ರೆ ನನ್ನನ್ನ ಒಳಗೆ ಹಾಕೋದಂತೆ. ಎಲ್ಲಾದ್ರೂ ಕೇಳಿದೀಯಾ ಇಂಥದ್ದನ್ನ?"

ಅಕ್ಕ ಮೊರದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು.

"ನೆಂಟರು ಬಂದಾಗ ನಂಗೆ ಚಿಲಕ ಹಾಕೋಕೆ ಮನೆಯವರು ನಿನ್ನನ್ನೇ ಕಳಿಸ್ತಿದ್ರು," ಅಂದ್ಲು. "ನೀನು ಹಾಕಿದ ಮೇಲೆ ಎರಡು ಸಲ ತಟ್ಟಿ ಹೋಗ್ತಿದ್ದೆ. ಅವರು ಅಷ್ಟೂ ಮಾಡಲ್ವೇನೋ?"